ಕಾವು ಕೇಳುವ ಸಿಡಿ ಪ್ಲೇಯರ್

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯಲ್ಲಿರುವ ಎರಡನೇ ಬ್ರೇಕಿನ ಮೇಲೆ ಪಾದವನ್ನು ಪೂರ್ತಿ ಊರದೆ, ಪೂರ್ತಿ ಎತ್ತದೆ, ಕೂದಲೆಳೆಯಷ್ಟು ಮೇಲೆ ಹಿಡಿದುಕೊಂಡು ದಿನ ಕಳೆಯುವುದು ಅವಳ ಕೆಲಸ. ಬಾಯಿ ಮಾತ್ರ ಬೇರೇನೋ ಹೇಳುತ್ತಿರುತ್ತಿತ್ತು. "ಆರಾಮಾಗಿ ಬಿಡಿ, ಯಾರೂ ಓಡಿಸ್ಕೊಂಡು ಬರ್ತಿಲ್ಲ," "ಕನ್ನಡಿ ನೋಡಿ, ನಿಮ್ಮ ಮುಖ ಅಲ್ಲ, ಹಿಂದಿನ ಲಾರಿ." ಇಷ್ಟು ವರ್ಷಗಳಲ್ಲಿ ಅವಳ ಕಾರಿಗೆ ಒಂದು ಗೀರು ಬಿದ್ದಿರಲಿಲ್ಲ. ಸ್ಕೂಲಿನ ಮಾಲೀಕ ಹೊಸ ಗಿರಾಕಿಗಳಿಗೆ ಅದನ್ನೇ ಹೇಳಿಕೊಂಡು ದುಡ್ಡು ಮಾಡುತ್ತಿದ್ದ.

ಮನೆಯಲ್ಲಿ ಮೂವರು. ಅವಳು, ಅವಳ ಗಂಡ, ಮತ್ತು ಗಂಡನ ತಾಯಿ. ಗಂಡ ಲಿಫ್ಟ್ ಮೆಕ್ಯಾನಿಕ್. ಅತ್ತೆಗೆ ಎಂಬತ್ತರ ಹತ್ತಿರ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಆ ಮನೆಗೆ ಒಂದು ಹಳೆಯ, ಭಾರೀ ಸಿಡಿ ಪ್ಲೇಯರ್ ಯಾಕೆ ಬಂತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಮದುವೆಗೆ ಮುಂಚೆ ಅವಳು ಪೇಟೆಯ ಒಂದು ದೊಡ್ಡ ಆಡಿಯೋ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯ ಹಿಂಬದಿಯಲ್ಲಿ ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಒಂದು ಕೋಣೆಯಿತ್ತು. ಹಣವಂತರು ಬಂದರೆ ಅವರನ್ನು ಅಲ್ಲಿ ಕೂರಿಸಿ, ಅಂಗಡಿಯಲ್ಲೇ ಅತಿ ದುಬಾರಿಯಾದ ಪ್ಲೇಯರಿನಲ್ಲಿ ಡಿಸ್ಕ್ ಹಾಕಿ ಕೇಳಿಸುವುದು ಅವಳ ಪಾಲಿಗೆ ಬಂದಿತ್ತು. ಕಪ್ಪು ಲೋಹದ ಮೈ, ಗಟ್ಟಿ ಗಂಡಸೂ ತಬ್ಬಿ ಎತ್ತಬೇಕಾದ ತೂಕ, ಬಾಗಿಲ ಸಂದಿನಿಂದ ಸದ್ದಿಲ್ಲದೆ ಹೊರಬರುವ ತಟ್ಟೆ. ಅದರಲ್ಲಿ ಕೊಳಲು ಕೇಳಿದರೆ ನುಡಿಸುವವನು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಆದರೆ ಗಿರಾಕಿಗಳು ಎರಡು ನಿಮಿಷಕ್ಕಿಂತ ಹೆಚ್ಚು ಕೂರುತ್ತಿರಲಿಲ್ಲ. "ಸರಿ, ಬೆಲೆ ಎಷ್ಟು?" ಎನ್ನುತ್ತಿದ್ದರು, ಅವಳು ನಿಲ್ಲಿಸಬೇಕಾಗುತ್ತಿತ್ತು. ಅಲ್ಲಿದ್ದಷ್ಟು ಕಾಲವೂ ಅವಳು ಆ ಯಂತ್ರದಲ್ಲಿ ಯಾವುದನ್ನೂ ಕೊನೆಯವರೆಗೆ ಕೇಳಲಿಲ್ಲ. ಅಂಗಡಿ ಮುಚ್ಚಿತು, ಮದುವೆಯಾಯಿತು, ಕಾರು ಓಡಿಸಲು ಕಲಿತಳು, ಕಲಿಸಲು ಕಲಿತಳು.

ಒಂದು ಮಧ್ಯಾಹ್ನ ಎರಡು ಪಾಠಗಳ ನಡುವೆ ಕಾರಿನಲ್ಲಿ ಕೂತು ಫೋನ್ ನೋಡುತ್ತಿದ್ದಾಗ ಅದೇ ಯಂತ್ರ ಮಾರಾಟಕ್ಕಿರುವುದು ಕಾಣಿಸಿತು. ಅದೇ ಮಾದರಿ, ಅದೇ ಕಪ್ಪು ಮೈ. ಅವಳು ಚಿತ್ರವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದಳು.

ಸಂಜೆ ಗಂಡನಿಗೆ ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು ನೋಡಿದ.

"ಈ ಕಂಪನಿ ಈಗಲೂ ಇದನ್ನ ಮಾಡುತ್ತಾ?"

"ಬಿಟ್ಟು ಬಹಳ ವರ್ಷ ಆಯ್ತು."

"ಒಳಗಿನ ಲೇಸರು, ಮೋಟರು?"

"ಸಿಗಲ್ಲ. ಹುಡುಕಿದ್ರೆ ಸಿಗಬಹುದು."

"ಸಿಗಲ್ಲ ಅನ್ನು ಸಾಕು. ಪಾರ್ಟು ಸಿಗದ ಲಿಫ್ಟಿಗೆ ನಾವು ಬಾಗಿಲು ಹಾಕಿ ಬೋರ್ಡ್ ತಗಲಿಸಿ ಬಂದುಬಿಡ್ತೀವಿ."

"ಇದರಲ್ಲಿ ಯಾರೂ ಹತ್ತಿ ಇಳಿಯಲ್ಲ ರೀ."

"ಹೊಸದು ತಗೋಬಾರದಾ? ಗ್ಯಾರಂಟಿ ಇರುತ್ತೆ. ಕೆಟ್ಟರೆ ಹೋಗಿ ಅವರ ಕೌಂಟರ್ ಮೇಲೆ ಕುಕ್ಕಿ ಬರಬಹುದು. ಇದು ಕೆಟ್ಟರೆ ಯಾರ ಹತ್ರ ಜಗಳ ಆಡ್ತೀಯಾ?"

ಅವಳು ಫೋನ್ ಹಿಂದಕ್ಕೆ ತೆಗೆದುಕೊಂಡು ಆ ಚಿತ್ರವನ್ನೇ ಮತ್ತೆ ನೋಡಿದಳು. ಅವನು ಬೇಡವೆನ್ನಲಿಲ್ಲ. ಅವಳು ತನಗೆಂದು ಏನನ್ನೂ ಕೇಳಿದವಳಲ್ಲ, ಅದು ಅವನಿಗೂ ಗೊತ್ತಿತ್ತು. "ನಿನ್ನಿಷ್ಟ. ಆದರೆ ದೋಷ ಏನಿದೆ ಅಂತ ಬಾಯಿ ಬಿಟ್ಟು ಕೇಳು," ಎಂದ.

ಮಾರುವವರು ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು. ಮಗಳ ಸಣ್ಣ ಮನೆಗೆ ಹೊರಟಿದ್ದರು. ಕೋಣೆ ತುಂಬ ಕಟ್ಟಿಟ್ಟ ಪೆಟ್ಟಿಗೆಗಳು, ನಡುವೆ ಒಂದು ಮೇಜು, ಮೇಜಿನ ಮೇಲೆ ಅದು. ಅವಳು ಹೋದಾಗ ಆಗಲೇ ಹಾಡುತ್ತಿತ್ತು. ಕೊಳಲಲ್ಲ, ಪಿಟೀಲು. ನಾಲ್ಕು ತಂತಿಯಲ್ಲೂ ಕಮಾನು ಎಳೆದಾಗ ಏಳುವ ಒರಟು ಸದ್ದು ಕೂಡ ಕಿವಿಗೆ ಸಿಕ್ಕಿತು. ಅವಳಿಗೆ ಅಂಗಡಿಯ ಕೋಣೆಯ ಬಟ್ಟೆಯ ವಾಸನೆ ಬಂದಂತಾಯಿತು.

ಅವಳು ಹತ್ತಿರ ಹೋಗಿ ಯಂತ್ರದ ನೆತ್ತಿಯ ಮೇಲೆ ಕೈಯಿಟ್ಟಳು. ಚೆನ್ನಾಗಿ ಬಿಸಿಯಾಗಿತ್ತು.

"ಬೆಳಗ್ಗೆಯಿಂದ ಹಾಕಿದ್ದೀರಾ ಡಾಕ್ಟ್ರೇ?"

ಡಾಕ್ಟರು ತಡವರಿಸಿದರು. "ಸ್ವಲ್ಪ ಹೊತ್ತಾಯ್ತು."

"ತಣ್ಣಗಿರುವಾಗ ಡಿಸ್ಕ್ ಓದಲ್ವಾ?"

ಅವರು ಒಂದು ಪೆಟ್ಟಿಗೆಯ ಮೇಲೆ ಕೂತರು. "ಓದುತ್ತಮ್ಮಾ. ಬೆಳಗಿನ ಹೊತ್ತು ಸ್ವಲ್ಪ ಸೋಮಾರಿ. ಕಾವೇರಿದರೆ ಸರಿ ಹೋಗುತ್ತೆ. ನೀವು ಕೇಳದಿದ್ದರೆ ಹೇಳ್ತಿದ್ದೆನೋ ಇಲ್ಲವೋ, ಸುಳ್ಳು ಯಾಕೆ."

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಇನ್ನೊಬ್ಬ ಗಿರಾಕಿ, ಈಗಲೇ ಹೊರಟು ಬರುತ್ತೇನೆ, ಯಾರಿಗೂ ಕೊಡಬೇಡಿ ಎನ್ನುತ್ತಿದ್ದ. ಅವನ ದನಿ ಅವಳಿಗೂ ಕೇಳಿಸುತ್ತಿತ್ತು. ಡಾಕ್ಟರು ಫೋನಿನ ಬಾಯಿ ಮುಚ್ಚಿ ಅವಳ ಮುಖ ನೋಡಿದರು. ಪಿಟೀಲು ನಿಧಾನಕ್ಕೆ ಮೇಲೇರುತ್ತಿತ್ತು. ಎದುರಿಗೆ ಬಂದ ಗಾಡಿ ಯಾವ ಕಡೆ ತಿರುಗುತ್ತದೆಂದು ಅದರ ಚಕ್ರ ನೋಡಿಯೇ ಹೇಳಬಲ್ಲ ಹೆಂಗಸು ಅವಳು. ಅಂಥವಳು ಅಂದು ಏನನ್ನೂ ಲೆಕ್ಕ ಹಾಕಲಿಲ್ಲ.

"ನಾನು ತಗೊಂಡೆ," ಎಂದಳು.

ಮನೆಗೆ ಬಂದ ಯಂತ್ರದ ಸುತ್ತ ಗಂಡ ಒಂದು ಪ್ರದಕ್ಷಿಣೆ ಹಾಕಿದ. ಹಿಂದಿನ ತಿರುಪುಗಳನ್ನು ನೋಡಿದ, ತಟ್ಟೆಯ ಕೆಳಗೆ ಬೆರಳಾಡಿಸಿದ, ತಲೆದೂಗಿದ. "ಗಟ್ಟಿಮುಟ್ಟಾಗಿ ಮಾಡಿದ್ದಾರೆ. ಕೇಳಿದೆಯಾ? ಏನಾದ್ರೂ ದೋಷ ಇದೆಯಾ?"

"ಇಲ್ಲ."

ಒಂದೇ ಮಾತು. ಬಾಯಿಂದ ಜಾರಿದ ಕ್ಷಣವೇ ಅದನ್ನು ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ಆದರೆ ಅವನ ಮುಖದಲ್ಲಿ ಅಪರೂಪಕ್ಕೆ ಮೆಚ್ಚುಗೆ ಕಂಡಿತ್ತು, ಅದನ್ನು ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಮೊದಲ ವಾರ ಅವಳಿಗೆ ಬೇರೆ ಯಾವುದೂ ಬೇಕಿರಲಿಲ್ಲ. ಸಂಜೆ ಬಂದವಳೇ ಸ್ವಿಚ್ ಹಾಕುವಳು, ಮುಖ ತೊಳೆದು ಬರುವಷ್ಟರಲ್ಲಿ ಕಾವೇರುತ್ತಿತ್ತು. ಒಂದು ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಕದಲದೆ ಕೂತು ಕೇಳಿದ ದಿನ ಅವಳು ಅಡುಗೆ ಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಳು. ಅತ್ತೆ ಬಂದು ನಲ್ಲಿ ನಿಲ್ಲಿಸಿ, "ನೀರಿಗೆ ಯಾಕೆ ಶಿಕ್ಷೆ? ಅಳೋದಾದ್ರೆ ಒಣಗೇ ಅಳು," ಎಂದರು.

ಆಮೇಲೆ ಚಳಿ ಬಿತ್ತು.

ಯಂತ್ರದ ಸೋಮಾರಿತನ ಚಳಿಯೊಂದಿಗೆ ಬೆಳೆಯಿತು. ಡಿಸ್ಕ್ ಒಳಗೆ ಹೋಗುತ್ತಿತ್ತು, ತಿರುಗುತ್ತಿತ್ತು, ಒಳಗಿನಿಂದ ಕಟಕಟವೆಂದು ಹಲ್ಲು ಕಡಿಯುವಂಥ ಸದ್ದು ಬರುತ್ತಿತ್ತು, ಆಮೇಲೆ ಪುಟ್ಟ ಕಿಟಕಿಯಲ್ಲಿ 'ನೋ ಡಿಸ್ಕ್' ಎಂದು ಹಸಿರಕ್ಷರ ಮೂಡುತ್ತಿತ್ತು. ಹತ್ತು ನಿಮಿಷದ ಕಾವು ಅರ್ಧ ಗಂಟೆಯಾಯಿತು, ಅರ್ಧ ಒಂದಾಯಿತು. ಗಂಡ ಕೆಲಸದಿಂದ ಬರುವುದು ಅವಳು ಬಂದ ಸ್ವಲ್ಪ ಹೊತ್ತಿಗೆ. ಅಷ್ಟರೊಳಗೆ ಅದು ಹಾಡಬೇಕು. ಬಸ್ಸಿನಿಂದ ಇಳಿದು ಅವಳು ಓಡಲು ಶುರುಮಾಡಿದಳು.

ಅತ್ತೆಯ ಕಣ್ಣಿಗೆ ಇದು ಬೀಳದೆ ಇರಲು ಸಾಧ್ಯವೇ?

"ಏನೇ ಇದು? ಮೊಟ್ಟೆಗೆ ಕಾವು ಕೊಡೋ ಕೋಳಿ ಹಾಗೆ ಇದರ ಮುಂದೆ ಕೂತಿರ್ತೀಯಲ್ಲ?"

ಅವಳು ಹೇಳಿಬಿಟ್ಟಳು. ಅತ್ತೆ ಬೈಯುತ್ತಾರೆಂದುಕೊಂಡಿದ್ದಳು. ಅವರ ಕಣ್ಣು ಮಿನುಗಿತು.

"ಅವನಿಗೆ ಹೇಳಿಲ್ವಾ?"

"ಇಲ್ಲ ಅತ್ತೆ."

"ಒಳ್ಳೇದಾಯ್ತು. ಅವರಪ್ಪನ ಹಾಗೇ ಅವನು. ತಪ್ಪು ಸಿಕ್ಕಿದರೆ ಅದನ್ನ ಒರೆಸಿ ತೊಳೆದು ಮೂರು ತಿಂಗಳು ಇಟ್ಕೋತಾನೆ. ಯಾವ ಗುಂಡಿ ಒತ್ತಬೇಕು ತೋರಿಸು. ನಾಲ್ಕು ಗಂಟೆಗೆ ನಾನೇ ಹಚ್ಚಿರ್ತೀನಿ."

ಹೀಗೆ ಸೊಸೆ ಅತ್ತೆ ಒಂದಾದರು. ಇಬ್ಬರ ನಡುವೆ ಅಂಥ ಒಗ್ಗಟ್ಟು ಹಿಂದೆಂದೂ ಇದ್ದಿರಲಿಲ್ಲ. ಸಂಜೆ ಮಗ ಒಳಗೆ ಬಂದರೆ ಅತ್ತೆ ಮುಖವನ್ನು ಕಲ್ಲು ಮಾಡಿಕೊಂಡು ಬಟಾಣಿ ಸುಲಿಯುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಮಾತ್ರ ಉಸಿರು ಕಟ್ಟಿತು. ಗಂಡ ಎದ್ದವನೇ ಕುರ್ಚಿ ಎಳೆದುಕೊಂಡು ಯಂತ್ರದ ಮುಂದೆ ಕೂತ. "ಹಾಕು, ಇವತ್ತು ನಾನೂ ಕೇಳ್ತೀನಿ." ಕಿಟಕಿಯ ಗಾಜಿನ ಮೇಲೆ ಮಂಜು ಕೂತಿತ್ತು. ಯಂತ್ರ ಐಸಿನಂತೆ ತಣ್ಣಗಿತ್ತು.

ಅವಳು ಸ್ವಿಚ್ ಹಾಕಿ, "ಮೊದಲು ಟೀ ಕುಡೀರಿ," ಎಂದಳು. ಟೀ ಮುಗಿಯಿತು. "ಆ ಬಚ್ಚಲ ನಲ್ಲಿ ತೊಟ್ಟಿಕ್ತಾ ಇದೆ, ಒಂದ್ನಿಮಿಷ ನೋಡಿಬಿಡ್ತೀರಾ?" ಅವನಿಗೆ ನಲ್ಲಿ ಐದು ನಿಮಿಷದ ಕೆಲಸ. ಒರೆಸಿಕೊಂಡು ಬಂದು ಮತ್ತೆ ಕೂತ. "ಈಗ ಹಾಕು."

ಅವಳು ಡಿಸ್ಕನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ಒರೆಸತೊಡಗಿದಳು. ಒರೆಸಿದಳು, ಮತ್ತೆ ಒರೆಸಿದಳು. ಗಂಡನ ಹುಬ್ಬು ಮೇಲೇರಿತು.

"ಅಯ್ಯೋ!" ಎಂದು ಒಳಗಿನಿಂದ ಅತ್ತೆ ಕೂಗಿಕೊಂಡರು. ಮಗ ಎದ್ದು ಓಡಿದ. ಅತ್ತೆಗೆ ಕಾಲು ಹಿಡಿದುಕೊಂಡಿತ್ತು. ಯಾವ ಕಾಲು ಎಂದು ಕೇಳಿದಾಗ ಅವರು ಒಂದು ಕ್ಷಣ ಯೋಚಿಸಿದ್ದನ್ನು ಬಾಗಿಲಲ್ಲಿ ನಿಂತ ಸೊಸೆ ನೋಡಿದಳು. ಮಗ ಎಣ್ಣೆ ಹಚ್ಚಿ ತಿಕ್ಕಿದ, ಅತ್ತೆ ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಕೆಳಗೆ ಎಂದು ಅವನನ್ನು ಬಹಳ ಹೊತ್ತು ಅಲ್ಲಿಯೇ ಉಳಿಸಿಕೊಂಡರು. ಅವನು ವಾಪಸು ಬರುವಾಗ ಕೋಣೆಯಲ್ಲಿ ಕೊಳಲು ತುಂಬಿತ್ತು.

ಅಂದು ಅವನು ಕಣ್ಣು ಮುಚ್ಚಿ ಪೂರ್ತಿ ಕೇಳಿದ. "ತಂದಿದ್ದು ಒಳ್ಳೇದೇ ಆಯ್ತು," ಎಂದ. ಅವಳು ಡಿಸ್ಕನ್ನು ಡಬ್ಬಿಗೆ ಹಾಕುವ ನೆಪದಲ್ಲಿ ಮುಖ ತಿರುಗಿಸಿದಳು.

ಲೇಸರ್ ಸಾಯುತ್ತಿದೆ ಎಂದೇ ಅವಳು ನಂಬಿದ್ದಳು. ಸತ್ತರೆ ಪಾರ್ಟು ಇಲ್ಲ. ಗಂಡ ಮೊದಲ ದಿನ ಹೇಳಿದ್ದೇ ನಿಜವಾಗುತ್ತದೆ, ಜೊತೆಗೆ ತನ್ನ ಸುಳ್ಳೂ ಹೊರಬೀಳುತ್ತದೆ. ರಿಪೇರಿಯವರ ಬಳಿ ಒಯ್ಯೋಣವೆಂದರೆ ಗಂಡನಿಗೆ ತಿಳಿಯದೆ ಅದನ್ನು ಮನೆಯಿಂದ ಎತ್ತುವುದು ಹೇಗೆ?

ಅಷ್ಟರಲ್ಲಿ ಅತ್ತೆ ಮಗಳ ಮನೆಗೆ ಹೊರಟರು. "ಬೇಗ ಬಂದುಬಿಡ್ತೀನಿ, ಕೋಳಿ ಕೆಲಸ ನೀನೇ ನೋಡ್ಕೋ," ಎಂದು ಕಿವಿಯಲ್ಲಿ ಹೇಳಿ ಹೋದರು.

ಈಗ ಹಗಲೆಲ್ಲ ಮನೆ ಖಾಲಿ. ಅವಳು ಒಂದು ಉಪಾಯ ಹುಡುಕಿದಳು. ಬೆಳಿಗ್ಗೆ ಗಂಡ ಹೋದ ಮೇಲೆ ಯಂತ್ರ ಹಚ್ಚಿ, ಓದಲು ಶುರುಮಾಡುವ ತನಕ ಕಾದು, ಒಮ್ಮೆ ಹಿಡಿದುಕೊಂಡ ಮೇಲೆ ದನಿಯನ್ನು ಪೂರ್ತಿ ಇಳಿಸಿ, ಅದೇ ಡಿಸ್ಕ್ ಮತ್ತೆ ಮತ್ತೆ ಸುತ್ತುವಂತೆ ಮಾಡಿ ಬೀಗ ಹಾಕಿಕೊಂಡು ಹೋಗುವುದು. ಯಾರೂ ಇಲ್ಲದ ಮನೆಯಲ್ಲಿ ಸದ್ದಿಲ್ಲದ ಕೊಳಲು ಸಂಜೆಯವರೆಗೆ ಸುತ್ತುತ್ತಿತ್ತು. ನಿಲ್ಲಿಸಿದರೆ ಮತ್ತೆ ಹಿಡಿಯುತ್ತದೋ ಇಲ್ಲವೋ ಎಂಬ ಭಯ ಅವಳಿಗೆ.

ಭಯ ಅದೊಂದೇ ಅಲ್ಲ. ಹಳೆಯ ಯಂತ್ರ, ದಿನವಿಡೀ ಕರೆಂಟು, ಮೇಲೆ ಅತ್ತೆ ಹೆಣೆದ ನೂಲಿನ ಹೊದಿಕೆ. ಗಾಳಿಕಂಡಿ ಮುಚ್ಚಿಹೋದರೆ? ದಿನಾ ಬೆಳಿಗ್ಗೆ ಹೊದಿಕೆ ತೆಗೆದು ಕುರ್ಚಿಯ ಮೇಲಿಡುತ್ತಿದ್ದಳು. ಹೊರಗೆ ಬಂದ ಮೇಲೆ, ತೆಗೆದೆನೇ ಇಲ್ಲವೇ ಎಂದು ಅನುಮಾನ. ಎರಡು ಸಲ ಬಸ್ ಸ್ಟಾಪಿನಿಂದ ತಿರುಗಿ ಬಂದು ನೋಡಿದ್ದಳು.

ಆ ದಿನ ತಿರುಗಿ ಹೋಗಲು ಹೊತ್ತಿರಲಿಲ್ಲ. ಮೊದಲ ಪಾಠಕ್ಕೆ ಹೆರಿಗೆ ಆಸ್ಪತ್ರೆಯ ನರ್ಸ್ ಕಾಯುತ್ತಿದ್ದಳು. ಅವಳು ಎಷ್ಟೋ ಮಕ್ಕಳನ್ನು ಕೈಯಲ್ಲಿ ಹಿಡಿದವಳು, ಸ್ಟೀರಿಂಗ್ ಹಿಡಿದರೆ ಮಾತ್ರ ನಡುಗುತ್ತಿದ್ದಳು. ಮಕ್ಕಳ ಶಾಲೆಯೊಂದರ ಹಿಂದಿನ ರಸ್ತೆಯಲ್ಲಿ ಕಾರು ನಿಧಾನವಾಗಿ ಹೋಗುತ್ತಿತ್ತು. ಬ್ರೇಕಕ್ಕ ಎದುರಿಗೆ ನೋಡುತ್ತಿದ್ದಳು, ಆದರೆ ಕಾಣುತ್ತಿದ್ದದ್ದು ಮನೆಯ ಮೂಲೆ. ಕುರ್ಚಿ. ಕುರ್ಚಿಯ ಮೇಲೆ ಹೊದಿಕೆ ಇತ್ತೇ? ಇಟ್ಟ ನೆನಪು ನಿನ್ನೆಯದೋ ಇವತ್ತಿನದೋ?

ನಿಂತಿದ್ದ ಒಂದು ವ್ಯಾನಿನ ಮರೆಯಿಂದ ಸೈಕಲ್ ಹೊರಬಂತು.

ನರ್ಸ್ ಚೀರಿದಳು. ಬ್ರೇಕ್ ಒತ್ತಬೇಕಾದ ಅವಳ ಕಾಲು ಆಕ್ಸಿಲರೇಟರನ್ನು ತುಳಿಯಿತು. ಇಂಥದ್ದು ನೂರು ಸಲ ಆಗಿದೆ; ನೂರು ಸಲವೂ ಬ್ರೇಕಕ್ಕನ ಪಾದ ಮೊದಲೇ ಇಳಿದಿರುತ್ತಿತ್ತು. ಈ ಸಲ ಅವಳ ಪಾದ ಪೆಡಲಿನ ಮೇಲಿರಲೇ ಇಲ್ಲ. ಅದು ಕಾರಿನ ನೆಲದ ಮೇಲೆ ಆರಾಮಾಗಿ ಬಿದ್ದುಕೊಂಡಿತ್ತು. ಎತ್ತಿ ಒತ್ತುವಷ್ಟರಲ್ಲಿ ಕಾರು ಸೈಕಲ್ಲಿನ ಹಿಂದಿನ ಚಕ್ರಕ್ಕೆ ಬಡಿದಾಗಿತ್ತು, ಗಾಜಿನ ಮೇಲೆಲ್ಲ ಬಿಳಿ ಚೆಲ್ಲಿ ಏನೂ ಕಾಣದಂತಾಗಿತ್ತು.

ಆ ಬಿಳುಪಿನ ಆಚೆ ಏನಾಗಿದೆಯೋ ತಿಳಿಯದೆ ಬಾಗಿಲು ತೆಗೆಯಲು ತಡಕಾಡಿದ ಆ ಹೊತ್ತು ಅವಳ ಜೀವಮಾನದಲ್ಲೇ ಉದ್ದವಾದದ್ದು.

ಅದು ಬಣ್ಣ. ಸೈಕಲ್ಲಿನವನು ಗೋಡೆಗೆ ಬಣ್ಣ ಬಳಿಯುವವನು, ಹ್ಯಾಂಡಲಿಗೆ ಬಿಳಿ ಬಣ್ಣದ ಡಬ್ಬಿ ನೇತುಹಾಕಿಕೊಂಡಿದ್ದ. ರಸ್ತೆಯ ಮೇಲೆ ಕೂತು ಮೊಣಕೈ ಹಿಡಿದುಕೊಂಡಿದ್ದ, ತಲೆಯಿಂದ ಸೊಂಟದವರೆಗೆ ಬಿಳಿ. ಬಿಳಿಯ ನಡುವೆ ಮೊಣಕೈಯಿಂದ ಕೆಂಪು ಇಳಿಯುತ್ತಿತ್ತು.

"ಕಣ್ಣು ಎಲ್ಲಿಟ್ಟಿದ್ರಮ್ಮಾ?" ಎಂದು ಅವನು ಕಿರುಚಿದ. ಕಿರುಚುವಷ್ಟು ಗಟ್ಟಿಯಾಗಿದ್ದಾನಲ್ಲ ಎಂದು ಅವಳು ಅವನ ಪಕ್ಕದಲ್ಲೇ ರಸ್ತೆಯ ಮೇಲೆ ಕೂತುಬಿಟ್ಟಳು.

ರಸ್ತೆಗೆ ಇಳಿದ ಮೇಲೆ ನರ್ಸಿನ ಕೈ ನಡುಗಲಿಲ್ಲ. ಅವನ ಕೈ, ಭುಜ, ತಲೆ ಮುಟ್ಟಿ ನೋಡಿ, ತನ್ನ ದುಪ್ಪಟ್ಟ ಹರಿದು ಕಟ್ಟಿದಳು. ಮೂಳೆ ಮುರಿದಿರಲಿಲ್ಲ. ಕಟ್ಟಿ ಮುಗಿಸಿದ ಮೇಲೆ ಅಳತೊಡಗಿದಳು. "ನನ್ನ ತಪ್ಪು ಅಕ್ಕ, ನಾನೇ ತುಳಿದೆ."

"ನಿಮ್ಮದಲ್ಲ," ಎಂದಳು ಬ್ರೇಕಕ್ಕ. "ನೀವು ತಪ್ಪು ತುಳಿಯೋದಕ್ಕೇ ನಾನು ಪಕ್ಕದಲ್ಲಿ ಕೂತಿರೋದು."

ಬಣ್ಣದವನನ್ನು ಆಸ್ಪತ್ರೆಯಲ್ಲಿ ತೋರಿಸಿ, ಸೈಕಲ್ ರಿಪೇರಿಗೆ ಬಿಟ್ಟು, ಸ್ಕೂಲಿಗೆ ಬಂದಾಗ ಮಾಲೀಕ ಕಾರಿನ ಸುತ್ತ ತಿರುಗುತ್ತಿದ್ದ. ಅವನು ಕೂಗಾಡಲಿಲ್ಲ. "ಬ್ರೇಕಕ್ಕ, ನಿಮ್ಮ ಕಾಲೆಲ್ಲಿತ್ತು?" ಎಂದಷ್ಟೇ ಕೇಳಿದ. ಸದ್ಯಕ್ಕೆ ಕಾರು ಬೇಡ, ಆಫೀಸಿನಲ್ಲಿ ಫೋನ್ ನೋಡಿಕೊಳ್ಳಿ ಎಂದ.

ಅವಳು ನೇರ ಮನೆಗೆ ಹೋದಳು. ಬೀಗ ತೆಗೆಯುವಾಗ ಹೊಗೆಯ ವಾಸನೆಗೆ ಮೂಗು ಅರಳಿಸಿದಳು. ಏನೂ ಇರಲಿಲ್ಲ. ಹೊದಿಕೆ ಕುರ್ಚಿಯ ಮೇಲೆ ನಾಲ್ಕು ಮಡಿಕೆಯಾಗಿ ಕೂತಿತ್ತು. ಯಂತ್ರ ತನ್ನ ಪಾಡಿಗೆ ಸುತ್ತುತ್ತಿತ್ತು. ಅವಳು ಅದನ್ನು ನಿಲ್ಲಿಸಲಿಲ್ಲ. ಹಾಗೇ ಅದರ ಎದುರು ನೆಲದ ಮೇಲೆ ಕೂತು, ಗಂಡ ಬರುವವರೆಗೆ ಏಳಲಿಲ್ಲ.

ಅವನು ಬಂದಾಗ ಎಲ್ಲವನ್ನೂ ಹೇಳಿದಳು. ಮೊದಲು ಸೈಕಲ್, ಆಮೇಲೆ ಹೊದಿಕೆ, ಆಮೇಲೆ ಡಾಕ್ಟರ ಮಾತು. ಅವನು ನಿಂತೇ ಕೇಳಿದ. ಯಂತ್ರದ ಮೇಲೆ ಅಂಗೈ ಇಟ್ಟು ತಟ್ಟನೆ ತೆಗೆದ.

"ಎಷ್ಟು ಹೊತ್ತಿಂದ ಉರೀತಿದೆ?"

"ಬೆಳಗ್ಗೆಯಿಂದ."

"ಇವತ್ತು ಮಾತ್ರಾನಾ?"

"ಅತ್ತೆ ಹೋದಾಗಿಂದ ದಿನಾ."

"ಅದಕ್ಕೂ ಮುಂಚೆ?"

ಅವಳ ಕಣ್ಣು ಅತ್ತೆಯ ಕೋಣೆಯ ಕಡೆ ಹೋಯಿತು. ಅವನಿಗೆ ನಿಧಾನಕ್ಕೆ ಹೊಳೆಯಿತು. "ಅಮ್ಮನೂ? ಆ ಕಾಲುನೋವು?"

ಬೇರೆ ಯಾವುದಾದರೂ ದಿನವಾಗಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದರೇನೋ. ಅವನು ತಂತಿ ಕಿತ್ತು ಸುತ್ತಿ ಮೇಜಿನ ಮೇಲಿಟ್ಟ. "ದೋಷ ಇರೋದನ್ನ ತಂದಿದ್ದಕ್ಕೆ ನನಗೆ ಕೋಪ ಇಲ್ಲ. ನಾನು ದಿನಾ ನೋಡೋದೇ ದೋಷ. ಆದರೆ ನಾನು ಕೇಳಿದೆ. ನೀನು ಇಲ್ಲ ಅಂದೆ. ನಮ್ಮ ಕೆಲಸದಲ್ಲಿ ದೋಷ ಇದ್ದೂ ಇಲ್ಲ ಅನ್ನೋರ ಮಾತು ನಂಬಿ ನಾನು ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯಲ್ಲ." ಅಷ್ಟು ಹೇಳಿ ಹೊರಗೆ ಹೋದ.

ಮಾತು ನಿಂತಿತು. ಊಟಕ್ಕೆ ಬರುತ್ತಿದ್ದ, ಉಂಡು ಏಳುತ್ತಿದ್ದ. ಅತ್ತೆ ವಾಪಸು ಬಂದು ಎರಡೂ ಮುಖ ನೋಡಿ, ಯಾರನ್ನೂ ಏನೂ ಕೇಳದೆ ಕೋಣೆಗೆ ಹೋಗಿ ಮಲಗಿಕೊಂಡರು. ಬಟಾಣಿಯನ್ನೂ ಕೇಳಲಿಲ್ಲ. ಅವಳು ಆಫೀಸಿನಲ್ಲಿ ಕೂತು ಫೋನಿಗೆ ಉತ್ತರ ಕೊಡುತ್ತಿದ್ದಳು. ಸಂಜೆ ಬಣ್ಣದವನ ಮನೆಗೆ ಹೋಗಿ ಮಾತಾಡಿಸಿ ಬರುತ್ತಿದ್ದಳು. ಮೊದಲ ದಿನ ಅವನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿದಳು, ಆಮೇಲೆ ಒಳಗೆ ಕರೆದಳು.

ಒಂದು ಭಾನುವಾರ ಅವಳು ಯಂತ್ರವನ್ನು ಮಾರಿಬಿಡೋಣವೆಂದು ಫೋಟೋ ತೆಗೆದಳು. ಕೆಳಗೆ ಏನು ಬರೆಯಬೇಕು? 'ಚೆನ್ನಾಗಿ ಓಡುತ್ತದೆ' ಎಂದು ಬರೆದು ಅಳಿಸಿದಳು. 'ಸ್ವಲ್ಪ ದೋಷವಿದೆ' ಎಂದು ಬರೆದು ಅದನ್ನೂ ಅಳಿಸಿದಳು. ಗಂಡ ಹಿಂದೆ ಬಂದು ನಿಂತಿದ್ದು ತಿಳಿಯಲಿಲ್ಲ.

"ಮಾರ್ತೀಯಾ?"

"ಹೂಂ."

"ಇನ್ಯಾರೋ ಒಬ್ಬಳು ಅವಳ ಗಂಡನಿಗೆ ಸುಳ್ಳು ಹೇಳ್ಲಿ ಅಂತಾನಾ?"

ಅವಳು ತಿರುಗಿ ನೋಡಿದಳು. ಅವನ ಮುಖ ಗಂಭೀರವಾಗಿಯೇ ಇತ್ತು, ಆದರೆ ಮಾತು ಬಂದಿತ್ತು. ಒಳಗಿನ ಕೋಣೆಯಲ್ಲಿ ಅತ್ತೆಯ ಮಂಚ ಕಿರ್ರೆಂದಿತು.

"ರಿಪೇರಿಯವರು ಯಾರಿದ್ದಾರೆ ವಿಚಾರಿಸು," ಎಂದ ಅವನು. "ಸತ್ತಿದೆಯೋ ಬದುಕಿದೆಯೋ, ತೆಗೆದು ನೋಡಿದರೆ ತಾನೇ ಗೊತ್ತಾಗೋದು."

ರಿಪೇರಿಯವರ ಜಾಗ ಒಂದು ಹಳೆಯ ಕಟ್ಟಡದ ಮೂರನೇ ಮಹಡಿ, ಲಿಫ್ಟ್ ಇಲ್ಲ. ಗಂಡ ಯಂತ್ರವನ್ನು ತಬ್ಬಿಕೊಂಡು ಹತ್ತಿದ, ಅವಳು ಹಿಂದೆ ತಂತಿ ಹಿಡಿದು ಹತ್ತಿದಳು. ಕಿಟಕಿಯ ಬಳಿ ಉದ್ದನೆಯ ಮೇಜು, ಅದರ ಮೇಲೆ ಹೊಟ್ಟೆ ಬಿಚ್ಚಿದ ಹತ್ತಾರು ಪ್ಲೇಯರುಗಳು. ರಿಪೇರಿಯವರು ನರೆತ ಗಡ್ಡದ, ಮಾತು ಕಮ್ಮಿಯ ಮನುಷ್ಯ.

"ಮೊದಲೇ ಹೇಳಿಬಿಡ್ತೀನಿ," ಎಂದರು. "ಬಿಚ್ಚಿದ ಮೇಲೆ ಈಗ ಓಡೋವಷ್ಟೂ ಓಡದೆ ಹೋಗಬಹುದು. ಲೇಸರಿಗೆ ಹೋಗೋ ತೆಳ್ಳನೆ ಪಟ್ಟಿ ತಂತಿ ಹಳೇದಾದ್ರೆ ಮುಟ್ಟಿದ್ರೆ ಮುರಿಯುತ್ತೆ. ಬೇಡ ಅಂದ್ರೆ ಹಾಗೇ ತಗೊಂಡು ಹೋಗಿ, ಬೇಜಾರಿಲ್ಲ."

ಗಂಡ ಅವಳ ಕಡೆ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು.

ಮುಚ್ಚಳ ಎತ್ತಿದರು. ಒಳಗೆ ತಾಮ್ರದ ಬಣ್ಣದ, ಗಡ್ಡೆಯಂಥ ದೊಡ್ಡ ಟ್ರಾನ್ಸ್‌ಫಾರ್ಮರುಗಳು, ನಡುವೆ ಲೇಸರನ್ನು ಹೊತ್ತ ಪುಟ್ಟ ಗಾಡಿ, ಅದು ಹಿಂದೆ ಮುಂದೆ ಜಾರುವ ಎರಡು ಉಕ್ಕಿನ ಕಡ್ಡಿ. ರಿಪೇರಿಯವರು ಚಿಮಟದಿಂದ ಆ ಗಾಡಿಯನ್ನು ನೂಕಿದರು. ಕದಲಲಿಲ್ಲ. ಇನ್ನಷ್ಟು ನೂಕಿದರು. ಟಕ್ಕೆಂದು ಒಂದು ಸದ್ದಾಯಿತು. ಅವಳು ಕಣ್ಣು ಮುಚ್ಚಿಕೊಂಡಳು.

"ಏನೂ ಮುರಿದಿಲ್ಲ," ಎಂದರು ಅವರು. "ನೋಡಿ ಇಲ್ಲಿ." ಕಡ್ಡಿಯ ಮೇಲಿನ ಗ್ರೀಸ್ ಒಣಗಿ ಮೇಣದಂತೆ ಗಟ್ಟಿಯಾಗಿತ್ತು. ಅವರು ಉಗುರಿನಿಂದ ಕೆರೆದಾಗ ಹಳದಿ ಸುರುಳಿಯಾಗಿ ಎದ್ದು ಬಂತು. ಚಳಿಯಲ್ಲಿ ಅದು ಲೇಸರಿನ ಗಾಡಿಯನ್ನು ಅಂಟಿಸಿಕೊಂಡು ಕೂರುತ್ತಿತ್ತು. ಕಾವು ತಾಗಿದರೆ ಕರಗಿ ಬಿಡುತ್ತಿತ್ತು.

ಗಂಡ ಬಗ್ಗಿ ನೋಡಿದ. ಆ ಸುರುಳಿಯನ್ನು ಬೆರಳಿನಲ್ಲಿ ಹೊಸಕಿ ನೋಡಿದ. ಅವನ ಕಸುಬಿನಲ್ಲಿ ಅದು ವಾರಕ್ಕೊಮ್ಮೆ ಕೆರೆಯುವ ಪದಾರ್ಥ. ಮೊದಲ ದಿನವೇ ಹೇಳಿದ್ದರೆ ಅವನೇ ಊಹಿಸುತ್ತಿದ್ದ ಎಂದು ಅವಳಿಗೆ ಆಗ ತಿಳಿಯಿತು.

ರಿಪೇರಿಯವರು ಒರೆಸಿ, ಹೊಸ ಗ್ರೀಸ್ ಸವರಿ, ಲೇಸರಿನ ಬಲ ಅಳೆದರು. ಅಳೆಯುವಾಗ ಅವರ ಹುಬ್ಬು ಗಂಟಾಯಿತು.

"ದಿನಕ್ಕೆ ಎಷ್ಟು ಹೊತ್ತು ಹಾಕ್ತಿದ್ರಿ?"

ಅವಳು ಹೇಳಿದಳು.

"ಹಾಗಾದ್ರೆ ಸರಿ. ಇದು ಚೆನ್ನಾಗೇ ಇದ್ದಿರಬೇಕು. ಸುಮ್ಮನೆ ಸುತ್ತಿಸಿ ಸುತ್ತಿಸಿ ಸವೆಸಿದ್ದೀರಿ. ಇನ್ನೂ ಇದೆ, ಆದರೆ ಬಹಳ ಇಲ್ಲ."

ಸಾಯುತ್ತಿಲ್ಲದ ಲೇಸರನ್ನು, ಸಾಯುತ್ತಿದೆಯೆಂಬ ಭಯದಲ್ಲಿ ಅವಳೇ ಸಾವಿನ ಹತ್ತಿರ ನೂಕಿದ್ದಳು. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಗಂಡ ಅವಳ ಬೆನ್ನ ಮೇಲೆ ಕೈಯಿಟ್ಟ. ಬಹಳ ದಿನದ ಮೇಲೆ ಇಟ್ಟ ಕೈ ಅದು.

ತಣ್ಣಗಾದ ಮೇಲೆ ಪರೀಕ್ಷೆ ಮಾಡಬೇಕಿತ್ತು. ಮರುದಿನ ಮುಂಜಾನೆ ಇಬ್ಬರೂ ಮತ್ತೆ ಹತ್ತಿದರು. ಉಸಿರಾಡಿದರೆ ಬಾಯಿಂದ ಹೊಗೆ ಬರುವಷ್ಟು ಚಳಿ. ರಿಪೇರಿಯವರು ಡಿಸ್ಕ್ ಹಾಕಿದರು. ತಟ್ಟೆ ಒಳಗೆ ಹೋಯಿತು. ಸುತ್ತುವ ಸದ್ದು. ಪುಟ್ಟ ಕಿಟಕಿ ಖಾಲಿ. ಯಾರೂ ಅಲುಗಾಡಲಿಲ್ಲ. ಅವಳ ಬಲಗಾಲು ತನಗೆ ತಾನೇ ನೆಲವನ್ನು ಒತ್ತಿ ಹಿಡಿದಿತ್ತು.

ಹಸಿರಕ್ಷರ ಮೂಡಿತು. ಹಾಡುಗಳ ಸಂಖ್ಯೆ, ಒಟ್ಟು ಹೊತ್ತು. ಆಮೇಲೆ ಕೊಳಲು.

ಆ ಯಂತ್ರ ಮನೆಗೆ ಬಂದ ಮೇಲೆ ವಾರಕ್ಕೊಮ್ಮೆ, ಕೂತು ಕೇಳುವವರಿದ್ದಾಗ ಮಾತ್ರ ಹಚ್ಚುವುದೆಂದಾಯಿತು. ಮುಂದಿನ ವರ್ಷದ ಚಳಿ ಕಳೆಯುವ ಹೊತ್ತಿಗೆ ಒಂದು ಸಂಜೆ, ಅತ್ತೆ ಪಿಟೀಲು ಕೇಳುತ್ತ ತೂಕಡಿಸುತ್ತಿದ್ದಾಗ, ದನಿ ಎರಡು ಸಲ ಬಿಕ್ಕಳಿಸಿ ನಿಂತಿತು. ಈ ಸಲ ನಿಜವಾಗಿಯೂ ಲೇಸರ್ ಹೋಗಿತ್ತು. ಅವಳು ಅದಕ್ಕೆ ತಯಾರಾಗಿದ್ದಳು. ತಯಾರಾಗದೆ ಇದ್ದವನು ಗಂಡ. ರಿಪೇರಿಯವರಿಗೆ ಅವನೇ ಮೂರು ದಿನಕ್ಕೊಮ್ಮೆ ಫೋನ್ ಮಾಡಿದ. ಮುಂಭಾಗ ಒಡೆದುಹೋದ ಅದೇ ಜಾತಿಯ ಇನ್ನೊಂದು ಯಂತ್ರ ದೂರದ ಊರಿನಲ್ಲಿ ಸಿಕ್ಕಿತು. ಅದರ ಲೇಸರ್ ಎಷ್ಟು ಸವೆದಿದೆಯೋ ಯಾರಿಗೂ ಗೊತ್ತಿರಲಿಲ್ಲ. ರಿಪೇರಿಯವರು ಅದನ್ನೂ ಸ್ಪಷ್ಟವಾಗಿಯೇ ಹೇಳಿದರು. ಗಂಡ ರೈಲಿನಲ್ಲಿ ಹೋಗಿ ತಂದ. ಹಾಕಿದ್ದು ಹಿಡಿಯಿತು, ಈಗಲೂ ಓಡುತ್ತಿದೆ.

ಬ್ರೇಕಕ್ಕ ಕಾರಿಗೆ ವಾಪಸಾಗಿ ಬಹಳ ಕಾಲವಾಯಿತು. ನರ್ಸ್ ಅವಳ ಪಕ್ಕದಲ್ಲೇ ಕೂತು ಕಲಿತು ಲೈಸೆನ್ಸ್ ಪಡೆದಳು. ಮೊನ್ನೆ ಫೋನ್ ಮಾಡಿದ್ದಳು. ಅವಳ ತಮ್ಮ ಒಂದು ಹಳೆಯ ಭಾರೀ ಸಿಡಿ ಪ್ಲೇಯರ್ ನೋಡಿಟ್ಟಿದ್ದಾನಂತೆ, ಮನೆಯಲ್ಲೆಲ್ಲ ಬೇಡ ಅನ್ನುತ್ತಿದ್ದಾರಂತೆ.

"ಕೊಳ್ಳಬಹುದಾ ಅಕ್ಕ? ಅಷ್ಟು ರಿಸ್ಕ್ ತಗೊಳ್ಳೋ ಹಾಗಿದೆಯಾ?"

ಬ್ರೇಕಕ್ಕ ತಿರುಗಿ ಕೇಳಿದಳು.

"ನಿಮ್ಮ ತಮ್ಮನಿಗೆ ಮದುವೆ ಆಗಿದೆಯಾ?"

"ಆಗಿದೆ. ಯಾಕಕ್ಕ?"

"ಹಾಗಾದ್ರೆ ಹೆಂಡತೀನೂ ಕರ್ಕೊಂಡು ಹೋಗಿ ನೋಡೋಕೆ ಹೇಳಿ. ಮಾರೋರು ಹೇಳೋದನ್ನ ಇಬ್ಬರೂ ಕೇಳಿಸ್ಕೊಳ್ಳಲಿ. ಆಮೇಲೂ ಬೇಕು ಅನ್ನಿಸಿದ್ರೆ, ತಗೊಳ್ಳಲಿ. ಕೆಡುತ್ತೆ, ಕೆಡದೆ ಇರಲ್ಲ. ಕೆಟ್ಟಾಗ ನನಗೆ ಫೋನ್ ಮಾಡಿ, ರಿಪೇರಿಯವರ ನಂಬರ್ ಕೊಡ್ತೀನಿ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಎತ್ತೋಕೆ ಒಬ್ಬರು ಬೇಕು."